ದಿನಾ ಮುಖ ನೋಡೋಳಿಗೆ ಎಲ್ಲರೂ ಕೇಳೋ ಪ್ರಶ್ನೆ: ರೂಪ ಅಷ್ಟು ಮುಖ್ಯಾನಾ?

ನನ್ನ ಕೆಲಸ ಪೋರ್ಟ್ರೇಟ್ ಫೋಟೋ ತೆಗೆಯೋದು, ಹದಿನೇಳು ವರ್ಷ ಆಯ್ತು. ಅಂದ್ರೆ ಹದಿನೇಳು ವರ್ಷದಿಂದ ಜನ ನನ್ನ ಮುಂದೆ ಸ್ಟೂಲ್ ಮೇಲೆ ಕೂತು, ಕೂದಲು ಸರಿ ಮಾಡ್ಕೊಂಡು, ಹೊಟ್ಟೆ ಒಳಗೆಳ್ಕೊಂಡು, ಉಸಿರು ಬಿಗಿಹಿಡಿದು ಲೆನ್ಸ್ ನೋಡ್ತಿದಾರೆ. ಫೋಟೋ ಮುಗಿದ್ಮೇಲೆ ಎದ್ದು ಮಾನಿಟರ್ ಹತ್ರ ಬರ್ತಾರೆ, ತಮ್ಮ ಮುಖಾನೇ ಯಾರೋ ಗುರುತಿಲ್ಲದೋರ ಮುಖದ ಥರ ಒಂದು ನಿಮಿಷ ನೋಡ್ತಾರೆ, ಆಮೇಲೆ ತಮಾಷೆಗೆ ಕೇಳಿದ ಹಾಗೆ ಕೇಳ್ತಾರೆ. "ಮೇಡಂ, ನೀವು ದಿನಾ ಇಷ್ಟು ಮುಖ ನೋಡ್ತೀರಲ್ಲ, ನಿಜ ಹೇಳಿ, ರೂಪ ಅಷ್ಟೊಂದು ಮುಖ್ಯಾನಾ?"

ಅವರಿಗೆ ಯಾವ ಉತ್ತರ ಬೇಕು ಅಂತ ನಂಗೊತ್ತು. "ಛೆ, ಅದೆಲ್ಲಾ ಏನಿಲ್ಲ, ಗುಣ ಮುಖ್ಯ." ಮೊದಲು ನಾನೂ ಅದನ್ನೇ ಹೇಳ್ತಿದ್ದೆ, ಬಾಯಿಗೆ ತಾನಾಗೇ ಬರೋ ಮಾತದು. ಈಗ ಹೇಳಲ್ಲ. ಹಾಗೆ ಹೇಳಿದಾಗೆಲ್ಲ ಎದುರಿಗಿರೋರ ಮುಖ ಒಂಚೂರು ಸಪ್ಪಗಾಗೋದನ್ನ ನೋಡಿದೀನಿ. ಸ್ಕೂಲಲ್ಲಿ, ಕಾಲೇಜಲ್ಲಿ, ಇಂಟರ್‌ವ್ಯೂನಲ್ಲಿ ಅನುಭವಿಸಿ ಬಂದಿರೋರು ಅವರು, ಅವರಿಗೆ ನಾನು ಏನಿಲ್ಲ ಅಂತ ಹೇಳೋದು ಅಂದ್ರೆ ಕಾಲು ತುಳಿಸ್ಕೊಂಡೋರಿಗೆ ನೋವಾಗಿಲ್ಲ ಬಿಡಿ ಅಂದ ಹಾಗೆ.

ಹಾಗಾಗಿ ಈಗ ಹೇಳೋದು, ಮುಖ್ಯ. ಆದ್ರೆ ಎಲ್ಲಿ, ಎಷ್ಟು ಹೊತ್ತಿನವರೆಗೆ ಅಂತ ಕೇಳಿ. ಅಷ್ಟರಲ್ಲಿ ಅವರಿಗೆ ಬಸ್ಸಿಗೆ ಟೈಮ್ ಆಗಿರುತ್ತೆ, ಮುಂದಿನ ಕಸ್ಟಮರ್ ಬಂದಿರ್ತಾರೆ, ಪೂರ್ತಿ ಉತ್ತರ ಹೇಳೋಕೆ ಇದುವರೆಗೂ ಆಗೇ ಇಲ್ಲ. ಇಲ್ಲಿ ಹೇಳ್ತೀನಿ.

ಮೊದಲು ಕೆಟ್ಟ ಸುದ್ದಿ. ಇದು ಸಿನಿಮಾ ನೋಡಿ, ಜಾಹೀರಾತು ನೋಡಿ ಕಲಿತ ಚಾಳಿ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಪೂರ್ತಿ ಹಾಗಿಲ್ಲ. ಜೂಡಿತ್ ಲ್ಯಾಂಗ್ಲಾಯ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತವರ ಜೊತೆಯವರು 1987ರಲ್ಲಿ ಮಾಡಿದ ಪ್ರಯೋಗದಲ್ಲಿ ಎರಡು ಮೂರು ತಿಂಗಳ ಕೂಸುಗಳಿಗೆ ಜೋಡಿ ಜೋಡಿಯಾಗಿ ಮುಖಗಳನ್ನ ತೋರಿಸಿದ್ರು. ದೊಡ್ಡವರು ಯಾವ ಮುಖಾನ ಚೆಂದ ಅಂದಿದ್ರೋ ಆ ಮುಖಾನೇ ಆ ಕೂಸುಗಳೂ ಜಾಸ್ತಿ ಹೊತ್ತು ನೋಡಿದ್ವು. ಕತ್ತು ನೆಟ್ಟಗೆ ನಿಲ್ಲದ ವಯಸ್ಸದು! ಇನ್ನು ದೊಡ್ಡವರ ಕಥೆ ಏನು ಕೇಳ್ತೀರಿ. ಎಡ್ವರ್ಡ್ ಥಾರ್ನ್‌ಡೈಕ್ ಅನ್ನೋ ಮನಶ್ಶಾಸ್ತ್ರಜ್ಞ 1920ರಲ್ಲೇ ಒಂದು ವಿಷಯ ಬರೆದಿದ್ರು, ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಅಂತ ಬೇರೆ ಬೇರೆ ಅಂಕ ಕೊಡಬೇಕಿತ್ತು, ಆದ್ರೆ ಒಂದರಲ್ಲಿ ಜಾಸ್ತಿ ಕೊಟ್ಟೋರಿಗೆ ಎಲ್ಲದರಲ್ಲೂ ಜಾಸ್ತಿ ಬೀಳ್ತಿತ್ತು. ಮೈಕಟ್ಟು ಚೆನ್ನಾಗಿದ್ರೆ ಬುದ್ಧಿನೂ ಚೆನ್ನಾಗಿರುತ್ತಂತೆ. ಇದಕ್ಕೇ ಹೇಲೋ ಎಫೆಕ್ಟ್ ಅಂತ ಹೆಸರು ಬಂತು, ದೇವರ ಪಟದಲ್ಲಿ ತಲೆ ಹಿಂದೆ ಪ್ರಭಾವಳಿ ಇರುತ್ತಲ್ಲ, ಅದು. 1972ರಲ್ಲಿ ಇನ್ನೊಂದು ತಂಡ ಬರೀ ಫೋಟೋ ತೋರಿಸಿ ಇವರು ಎಂಥವರು ಹೇಳಿ ಅಂತ ಕೇಳಿದಾಗ ಚೆಂದ ಇರೋರಿಗೆ ಒಳ್ಳೆ ಸ್ವಭಾವ, ಒಳ್ಳೆ ಕೆಲಸ, ಸುಖವಾದ ಮದುವೆ ಎಲ್ಲಾ ಇರುತ್ತೆ ಅಂತ ಜನ ಬರೆದುಕೊಟ್ರು. ಒಂದೇ ಒಂದು ವಿಷಯದಲ್ಲಿ ಹಿಂದೇಟು ಹಾಕಿದ್ರು, ಒಳ್ಳೆ ಅಪ್ಪ ಅಮ್ಮ ಆಗ್ತಾರೆ ಅಂತ ಮಾತ್ರ ಹೇಳ್ಲಿಲ್ಲ. ಅದ್ಯಾಕೋ!

ಆದ್ರೆ ನಂಗೆ ಎಲ್ಲಕ್ಕಿಂತ ಇಷ್ಟದ್ದು 1966ರ ಡಾನ್ಸ್ ಕಥೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 752 ಹೊಸ ವಿದ್ಯಾರ್ಥಿಗಳಿಗೆ ನಿಮಗೆ ಸರಿಹೊಂದೋ ಜೋಡೀನ ಕಂಪ್ಯೂಟರ್ ಹುಡುಕಿ ಕೊಡುತ್ತೆ ಅಂತ ಹೇಳಿ ಡಾನ್ಸಿಗೆ ಕರೆದ್ರು. ನಿಜಕ್ಕೂ ಚೀಟಿ ಎತ್ತಿದ ಹಾಗೆ ಯಾರಿಗೋ ಯಾರನ್ನೋ ಜೋಡಿ ಮಾಡಿದ್ರು, ಹುಡುಗ ಹುಡುಗಿಗಿಂತ ಕುಳ್ಳಗಿರಬಾರದು ಅನ್ನೋದೊಂದನ್ನ ನೋಡ್ಕೊಂಡ್ರು ಅಷ್ಟೇ. ಬುದ್ಧಿ, ಸ್ವಭಾವ, ಮಾರ್ಕ್ಸು ಎಲ್ಲಾ ಮೊದಲೇ ಅಳೆದಿಟ್ಟಿದ್ರು. ಮಧ್ಯದಲ್ಲಿ ಬಿಡುವು ಕೊಟ್ಟು ಇವರನ್ನ ಮತ್ತೆ ಭೇಟಿ ಆಗೋಕೆ ಇಷ್ಟ ಇದೆಯಾ ಅಂತ ಕೇಳಿದ್ರೆ, ಆ ಅಳತೆ ಯಾವುದೂ ಲೆಕ್ಕಕ್ಕೆ ಬರ್ಲಿಲ್ಲ, ರೂಪ ಒಂದೇ ಬಂದಿದ್ದು. ಹುಡುಗರಿಗೂ ಅಷ್ಟೇ, ಹುಡುಗೀರಿಗೂ ಅಷ್ಟೇ.

ಇದನ್ನ ಹೇಳಿದಾಗೆಲ್ಲ ಜನ "ನೋಡಿ, ಅದಕ್ಕೇ ಹೇಳೋದು ಪ್ರಪಂಚಾನೇ ಹೀಗೆ" ಅಂತಾರೆ. ತಡೀರಿ. ಅದು ಒಂದೇ ಸಂಜೆ. ಅದರಲ್ಲೂ ಅರ್ಧ ಸಂಜೆ. ಗದ್ದಲದಲ್ಲಿ ಕುಣಿಯೋವಾಗ ಎದುರಿಗಿರೋರ ಸ್ವಭಾವ ಗೊತ್ತಾಗೋಕೆ ದಾರಿನಾದ್ರೂ ಎಲ್ಲಿದೆ, ಕಣ್ಣಿಗೆ ಬಿದ್ದಿದ್ದು ಮುಖ, ಮುಖಕ್ಕೇ ವೋಟು ಹಾಕಿದ್ರು.

ಈಗ ನನ್ನ ಗಂಡನ ಕಥೆ. ಹೇಳ್ತೀನಿ ಅಂತ ಅವನಿಗೆ ಹೇಳಿಲ್ಲ.

ನಾವು ಫೋಟೋಗ್ರಾಫರ್‌ಗಳು ಶೂಟ್ ಮುಗಿದ್ಮೇಲೆ ಕಂಪ್ಯೂಟರಲ್ಲಿ ಒಂದೊಂದೇ ಫೋಟೋಗೆ ಸ್ಟಾರ್ ಹಾಕ್ತೀವಿ. ಐದು ಅಂದ್ರೆ ವೆಬ್‌ಸೈಟಿಗೆ ಹಾಕೋವಂಥದ್ದು, ಮೂರು ಅಂದ್ರೆ ಕಸ್ಟಮರ್‌ಗೆ ಕೊಡಬಹುದು, ಒಂದು ಅಂದ್ರೆ ಡಿಲೀಟ್. ಒಂದು ಆಫೀಸಿನವರು ಐಡಿ ಕಾರ್ಡಿಗೆ ಅಂತ ಒಂದೇ ದಿನ ಅರವತ್ತು ಜನರ ಫೋಟೋ ತೆಗೆಸಿದ್ರು, ಅದರಲ್ಲಿ ಇವನೂ ಒಬ್ಬ. ಎರಡು ಸ್ಟಾರ್ ಹಾಕಿದ್ದೆ. ಮುಖ ನೆನಪೂ ಇರ್ಲಿಲ್ಲ. ಆಮೇಲೆ ಆ ಆಫೀಸಿನವರು ನನ್ನ ಬಿಲ್ ಪಾಸ್ ಮಾಡದೆ ನಾಲ್ಕು ತಿಂಗಳು ಸತಾಯಿಸಿದ್ರು, ಅಕೌಂಟ್ಸ್‌ನಲ್ಲಿ ಇದ್ದೋನು ಇವನೇ, ನಾನು ವಾರಕ್ಕೆರಡು ಸಲ ಹೋಗಿ ಅವನ ಟೇಬಲ್ ಮುಂದೆ ಕೂರೋದು, ಅವನು ಸಂಕೋಚದಿಂದ ಕತ್ತು ಕೆರ್ಕೊಂಡು ಇನ್ನೊಂದು ಸಹಿ ಬಾಕಿ ಇದೆ ಅನ್ನೋದು. ಬಿಲ್ ಪಾಸ್ ಆದ ದಿನ ಇನ್ನು ಇಲ್ಲಿಗೆ ಬರೋಕೆ ನೆಪ ಇಲ್ಲವಲ್ಲ ಅಂತ ನಂಗೆ ಬೇಜಾರಾಯ್ತು. ದುಡ್ಡು ಬಂದಿದ್ದಕ್ಕೆ ಬೇಜಾರು ಮಾಡ್ಕೊಂಡ ಫೋಟೋಗ್ರಾಫರ್ ಬಹುಶಃ ನಾನೊಬ್ಬಳೇ.

ಹೋದ ವರ್ಷ ಹಳೇ ಹಾರ್ಡ್ ಡಿಸ್ಕ್ ತೆಗೆದು ನೋಡ್ತಿದ್ದೆ, ಆ ಫೋಟೋ ಸಿಕ್ತು, ಕೆಳಗೆ ಎರಡು ಸ್ಟಾರ್. ಹತ್ತು ನಿಮಿಷ ನೋಡಿದೆ ರೀ. ಯಾಕೆ ಎರಡು ಹಾಕಿದ್ದೆ ಅಂತ ಎಷ್ಟು ಹುಡುಕಿದ್ರೂ ಗೊತ್ತಾಗ್ಲಿಲ್ಲ. ಸ್ವಲ್ಪ ಸೊಟ್ಟ ಇರೋ ಮೂಗು, ಒಂದು ಕಣ್ಣಿನ ರೆಪ್ಪೆ ಇನ್ನೊಂದಕ್ಕಿಂತ ಕೆಳಗೆ, ಎಲ್ಲಾ ಅಲ್ಲೇ ಇದೆ, ಬದಲಾಗಿಲ್ಲ, ಆದ್ರೆ ಅದನ್ನ ಕೊರತೆ ಅಂತ ನೋಡಿದ್ದ ನನ್ನ ಆ ಕಣ್ಣು ಮಾತ್ರ ಈಗ ನನ್ನ ಹತ್ರ ಇಲ್ಲ. (ಅವನು ಬಗ್ಗಿ ನೋಡಿ ಇದೇನು ಎರಡು ಸ್ಟಾರ್ ಅಂದ. ಲೈಟಿಂಗ್ ಸರಿ ಬಂದಿರ್ಲಿಲ್ಲ ಅಂದೆ.)

ಇದು ಪ್ರೀತಿ ಕುರುಡು ಅನ್ನೋ ಹಳೇ ಮಾತು ಅಂದ್ಕೋಬೇಡಿ. 1992ರಲ್ಲಿ ಮೋರ್ಲ್ಯಾಂಡ್, ಬೀಚ್ ಅನ್ನೋ ಇಬ್ಬರು ಒಂದು ಪ್ರಯೋಗ ಮಾಡಿದ್ರು. ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ ಇರೋ ನಾಲ್ವರು ಹೆಣ್ಣುಮಕ್ಕಳು, ಒಂದು ದೊಡ್ಡ ಕ್ಲಾಸಿಗೆ ಒಬ್ಬಳು ಒಮ್ಮೆಯೂ ಹೋಗ್ಲಿಲ್ಲ, ಒಬ್ಬಳು 5 ಸಲ, ಒಬ್ಬಳು 10, ಇನ್ನೊಬ್ಬಳು 15 ಸಲ ಹೋಗಿ ಸುಮ್ನೆ ಕೂತು ಬಂದ್ರು, ಯಾರ ಹತ್ರಾನೂ ಒಂದು ಮಾತಿಲ್ಲ. ಕೊನೆಗೆ ಕ್ಲಾಸಿನವರಿಗೆ ಫೋಟೋ ತೋರಿಸಿದ್ರೆ, ಜಾಸ್ತಿ ಸಲ ಬಂದಿದ್ದೋರೇ ಅವರ ಕಣ್ಣಿಗೆ ಹೆಚ್ಚು ಚೆನ್ನಾಗಿ ಕಂಡ್ರು, ಎಲ್ಲೋ ನೋಡಿದೀನಿ ಅನ್ನೋ ನೆನಪೂ ಸರಿಯಾಗಿ ಇಲ್ಲದೋರಿಗೂ. 2015ರಲ್ಲಿ 167 ಜೋಡಿಗಳನ್ನ ನೋಡಿದ ಇನ್ನೊಂದು ಅಧ್ಯಯನದಲ್ಲಿ, ಪರಿಚಯ ಆದ ಕೂಡ್ಲೇ ಜೋಡಿ ಆದೋರು ರೂಪದಲ್ಲಿ ಒಬ್ಬರಿಗೊಬ್ಬರು ಸಮ ಇದ್ರು, ಆದ್ರೆ ಮೊದಲು ಸ್ನೇಹಿತರಾಗಿದ್ದು ತುಂಬಾ ದಿನ ಆದ್ಮೇಲೆ ಜೋಡಿ ಆದೋರಲ್ಲಿ ಆ ಲೆಕ್ಕ ಕಳಚಿಬಿದ್ದಿತ್ತು. ಅವರಲ್ಲಿ ಎಷ್ಟೋ ಜೋಡಿ ನೋಡಿದೋರು "ಇವರಿಗೆ ಅವರು ಹೆಂಗೆ ಸಿಕ್ರಪ್ಪಾ" ಅನ್ನೋವಂಥೋರು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಮುಖದ ವಿಷಯದಲ್ಲಿ ಎಷ್ಟೋ ಸಲ ಉಲ್ಟಾ, ಹತ್ರ ಹೋದಷ್ಟೂ ನುಣ್ಣಗಾಗುತ್ತೆ.

ಇಷ್ಟಕ್ಕೇ ನಿಲ್ಲಿಸಿದ್ರೆ ಖುಷಿಯ ಉತ್ತರ ಆಗಿರ್ತಿತ್ತು. ಆದ್ರೆ ಒಂದು ಮುಳ್ಳಿದೆ ಇದರಲ್ಲಿ. ನಾನು ಅವನನ್ನ ಅಷ್ಟು ಸಲ ನೋಡಿದ್ದು ಬಿಲ್ ಬಾಕಿ ಇತ್ತು ಅಂತ. ಬಿಲ್ ಬೇಗ ಪಾಸ್ ಆಗಿದ್ರೆ? ಹತ್ರ ಹೋದ್ರೆ ತಾನೇ ನುಣ್ಣಗಾಗೋದು, ಹತ್ರ ಹೋಗೋರು ಯಾರ ಹತ್ರ ಹೋಗ್ತಾರೆ? ಅಲ್ಲಿ ರೂಪ ಬಾಗಿಲು ಕಾಯ್ತಾ ನಿಂತಿರುತ್ತೆ. ನಾನು ಇಷ್ಟು ವರ್ಷದಲ್ಲಿ ಅರ್ಥ ಮಾಡ್ಕೊಂಡಿದ್ದು ಇದೊಂದೇ, ರೂಪ ನಿಮಗೆ ಪ್ರೀತಿ ಕೊಡ್ಸಲ್ಲ, ಟೈಮ್ ಕೊಡ್ಸುತ್ತೆ. ಎರಡನೇ ಸಲ ತಿರುಗಿ ನೋಡೋದು, ಜೋಕ್ ಮುಗಿಯೋವರೆಗೂ ಕೇಳೋದು, ತಪ್ಪು ಹೇಳಿದ್ರೂ "ಪರವಾಗಿಲ್ಲ ಹೇಳಿ" ಅನ್ನೋದು. ಆ ಟೈಮ್ ಸಿಗದೇ ಇರೋರು ಒಳ್ಳೇವರಲ್ಲ ಅಂತೇನಿಲ್ಲ, ತೋರಿಸೋಕೆ ಅವರಿಗೆ ಅವಕಾಶ ಬರಲ್ಲ. ಡೇಟಿಂಗ್ ಆ್ಯಪ್‌ಗಳಂತೂ ಬಿಡಿ, ಮುಖಗಳನ್ನ ಹೆಬ್ಬೆಟ್ಟಲ್ಲಿ ಪಕ್ಕಕ್ಕೆ ತಳ್ಳೋ ಕೆಲಸ, ನಾನು ಸ್ಟಾರ್ ಹಾಕೋದಕ್ಕಿಂತಲೂ ಕಡೆ. ನಾನಾದ್ರೂ ಎರಡು ಸ್ಟಾರ್‌ನ ಡಿಲೀಟ್ ಮಾಡಲ್ಲ.

ಸರಿ, ಹಾಗಾದ್ರೆ ಚೆಂದ ಇರೋರು ಆರಾಮಾಗಿರ್ತಾರಾ?

ಕಾಲೇಜಲ್ಲಿ ನನಗೊಬ್ಬಳು ಗೆಳತಿ ಇದ್ದಳು, ಈಗಲೂ ಇದಾಳೆ. ಚೆಂದ ಅಂದ್ರೆ ಜಗಳ ಇಲ್ಲದೆ ಎಲ್ಲರೂ ಒಪ್ಪೋ ಚೆಂದ. ನಮ್ಮಲ್ಲಿ ರೂಪ ಬೇರೆ, ಲಕ್ಷಣ ಬೇರೆ, ಕಳೆ ಬೇರೆ ಅಂತೀವಲ್ಲ, ಅವಳಿಗೆ ಮೂರೂ ಇತ್ತು. ಅವಳ ಜೊತೆ ನಡೆದು ಹೋಗ್ತಿದ್ರೆ ಜನರ ಕಣ್ಣು ನನ್ನ ಮೇಲೆ ಹಾದು, ನಿಲ್ಲದೆ, ಅವಳ ಮೇಲೆ ಹೋಗಿ ಕೂತ್ಕೊಳೋದು. ಯಾರೋ ಬಂದು ನನ್ನ ಹತ್ರ ಹತ್ತು ನಿಮಿಷ ಚೆನ್ನಾಗಿ ಮಾತಾಡೋರು, ಆಹಾ ಅಂದ್ಕೊಳೋ ಅಷ್ಟರಲ್ಲಿ "ನಿನ್ನ ಫ್ರೆಂಡ್ ನಂಬರ್ ಸಿಗುತ್ತಾ" ಅನ್ನೋರು. ಹೊಟ್ಟೆ ಉರೀತಿತ್ತಾ? ಉರೀತಿತ್ತು. ಅವಳ ಮೇಲಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ, ಅವಳ ಮೇಲೂ ಉರೀತಿತ್ತು. ಗ್ರೂಪ್ ಫೋಟೋ ತೆಗೆಯೋವಾಗೆಲ್ಲ ನಾನು ಕ್ಯಾಮೆರಾ ಇಸ್ಕೊಂಡು ಈಚೆ ನಿಲ್ತಿದ್ದೆ, ತೆಗೆಯೋಳು ಫೋಟೋದಲ್ಲಿ ಇರಬೇಕಾಗಿಲ್ವಲ್ಲ. ಈ ವೃತ್ತಿಗೆ ಹೇಗೆ ಬಂದ್ರಿ ಅಂತ ಕೇಳೋರಿಗೆ ಬೆಳಕಿನ ಮೇಲಿನ ಪ್ರೀತಿ ಅಂತೆಲ್ಲಾ ಹೇಳ್ತೀನಿ. ಬಂದಿದ್ದು ಹೀಗೆ.

ಅವಳ ಕಡೆಯ ಕಥೆ ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಡಿಗ್ರಿ ಮುಗಿಸಿ ಅವಳು ಕಸ್ಟಮರ್ ಕೇರ್‌ಗೆ ಸೇರಿದಳು, ಬರೀ ಫೋನಲ್ಲಿ ಮಾತಾಡೋ ಕೆಲಸ. ಒಂದು ದಿನ ಬಂದು, "ಲೇ, ನಿಂಗೊಂದು ವಿಷಯ ಗೊತ್ತಾ, ನನ್ನ ಜೋಕ್ ಚೆನ್ನಾಗಿಲ್ಲ ಕಣೇ" ಅಂದಳು. ಏನೇ ಹಂಗಂದ್ರೆ ಅಂದೆ. "ಇಪ್ಪತ್ತೆರಡು ವರ್ಷ ನಾನೇನು ಹೇಳಿದ್ರೂ ಜನ ನಕ್ಕಿದಾರೆ, ಫೋನಲ್ಲಿ ಒಬ್ಬರೂ ನಗಲ್ಲ" ಅಂತ ಹೇಳ್ತಾ ಅವಳೇ ನಗ್ತಿದ್ದಳು, ಮಧ್ಯದಲ್ಲಿ ನಗು ನಿಂತು ಕಣ್ಣಲ್ಲಿ ನೀರು ಬಂತು. "ಮತ್ತೆ ಯಾವ್ಯಾವುದಕ್ಕೆ ಸುಳ್ಳು ಹೇಳಿದಾರೋ" ಅಂದಳು. ನಂಗೆ ಏನು ಹೇಳ್ಬೇಕು ಅಂತ ತಿಳೀಲಿಲ್ಲ, ಅವಳ ಜೋಕಿಗೆ ನಾನೂ ನಕ್ಕಿದ್ದೆ. ಹೊಗಳಿಕೆ ಸಿಕ್ಕಿದ್ದು ತನಗಾ ತನ್ನ ಮುಖಕ್ಕಾ ಅಂತ ಗೊತ್ತಾಗದೆ ಇರೋದು ಎಂಥ ಒಂಟಿತನ ಅಂತ ನಾನು ಯೋಚನೆ ಮಾಡಿರ್ಲಿಲ್ಲ. ಮುಂದೆ ಅವಳಿಗೆ ಪ್ರಮೋಷನ್ ಸಿಕ್ಕಾಗಲೂ "ಅವಳಿಗೆ ಸಿಗದೆ ಇನ್ಯಾರಿಗೆ ಸಿಗುತ್ತೆ" ಅಂತ ಕಣ್ಣು ಮಿಟುಕಿಸಿದೋರಿದ್ರು. ಟೈಮ್ ಎಲ್ಲರೂ ಕೊಟ್ರು, ನಂಬಿಕೆ ಕೊಡ್ಲಿಲ್ಲ. ಆದ್ರೂ ಕೊಟ್ಟು ತಗೋ ಅಂದ್ರೆ ಅವಳ ಮುಖಾನೇ ತಗೋತಿದ್ದೆ ಆಗ, ಅದನ್ನ ಮುಚ್ಚಿಡಲ್ಲ.

ಫೋನ್ ಅಂದ್ಮೇಲೆ ನೆನಪಾಯ್ತು. ಪ್ರೀತಿ, ಸ್ನೇಹ ಎಲ್ಲಾ ಬಿಟ್ಟು ರೂಪ ನಮ್ಮನ್ನೇ ಹೇಗೆ ತಿದ್ದುತ್ತೆ ಅನ್ನೋಕೆ 1977ರ ಒಂದು ಪ್ರಯೋಗಕ್ಕಿಂತ ಚೆನ್ನಾಗಿ ಹೇಳೋದು ನಾನು ನೋಡಿಲ್ಲ. ಹುಡುಗರಿಗೆ ನೀವು ಈ ಹುಡುಗಿ ಜೊತೆ ಫೋನಲ್ಲಿ ಹತ್ತು ನಿಮಿಷ ಮಾತಾಡ್ತೀರ ಅಂತ ಒಂದು ಫೋಟೋ ಕೊಟ್ರು. ಫೋಟೋ ಆ ಹುಡುಗಿದಲ್ಲ, ಕೆಲವರಿಗೆ ಚೆಂದದ ಮುಖ, ಕೆಲವರಿಗೆ ಸಾಧಾರಣ ಮುಖ. ಹುಡುಗೀರಿಗೆ ಫೋಟೋ ವಿಷಯಾನೇ ಗೊತ್ತಿಲ್ಲ. ಆಮೇಲೆ ಹುಡುಗೀರ ದನಿಯ ರೆಕಾರ್ಡಿಂಗ್ ಮಾತ್ರ ಬೇರೆಯವರಿಗೆ ಕೇಳಿಸಿದ್ರು. ಆ ಕಡೆ ಇರೋನು ಚೆಂದದೋಳು ಅಂದ್ಕೊಂಡಿದ್ದ ಹುಡುಗೀರ ಮಾತೇ ಹೆಚ್ಚು ಆತ್ಮೀಯವಾಗಿ, ಲವಲವಿಕೆಯಿಂದ ಇತ್ತಂತೆ! ಹುಡುಗ ಖುಷಿಯಾಗಿ ಮಾತಾಡ್ದ, ಅವಳು ಅರಳಿದಳು. ಹತ್ತು ನಿಮಿಷಕ್ಕೆ ಇಷ್ಟು. ಇದೇ ದಿನಾ, ವರ್ಷಗಟ್ಟಲೆ ಆದ್ರೆ? "ಅವಳು ಚೆಂದ ಇರೋದಷ್ಟೇ ಅಲ್ಲ, ಎಷ್ಟು ಚೆನ್ನಾಗಿ ಬೆರೀತಾಳೆ" ಅಂತೀವಿ, ಮೂಲೆಯಲ್ಲಿ ಕೂತಿರೋಳನ್ನ "ಸ್ವಲ್ಪ ಮೂಡಿ" ಅಂತೀವಿ. ಅವಳನ್ನ ಯಾರು ಎಷ್ಟು ಹೊತ್ತು ಮಾತಾಡ್ಸಿದಾರೆ ಅಂತ ಕೇಳಲ್ಲ.

ಇನ್ನೊಂದು ಪ್ರಯೋಗ ಇದಕ್ಕೆ ತಿರುಗುಮುರುಗು. 1980ರಲ್ಲಿ ಕ್ಲೆಕ್, ಸ್ಟ್ರೆಂಟಾ ಅನ್ನೋರು ಮೇಕಪ್‌ನಿಂದ ಜನರ ಮುಖದ ಮೇಲೆ ಗಾಯದ ಕಲೆ ಬಿಡಿಸಿ, ಕನ್ನಡಿ ತೋರಿಸಿ, ಮೇಕಪ್ ಒಡೀಬಾರದು ಅಂತ ಸ್ವಲ್ಪ ಕ್ರೀಮ್ ಹಚ್ತೀವಿ ಅಂತ ಹೇಳಿ ಕಲೇನ ಪೂರ್ತಿ ಒರೆಸಿ ಕಳಿಸಿದ್ರು. ಕಲೆ ಇಲ್ಲ, ಆದ್ರೆ ಇದೆ ಅಂದ್ಕೊಂಡೇ ಹೋದ್ರು. ವಾಪಸ್ ಬಂದು, ಎದುರಿನವರು ನನ್ನ ಹತ್ರ ಮಾತಾಡೋಕೆ ಮುಜುಗರ ಪಟ್ರು, ಕನಿಕರ ತೋರಿಸಿದ್ರು ಅಂತ ಹೇಳಿದ್ರು. ಇದನ್ನ ಓದಿದ ದಿನ ಕಾಲೇಜಿನ ನೆನಪುಗಳನ್ನೆಲ್ಲ ಇನ್ನೊಂದು ಸಲ ತೆಗೆದು ನೋಡ್ದೆ, ಯಾರ್ಯಾರು ನನ್ನ ನಿಜವಾಗಲೂ ಕಡೆಗಣಿಸಿದ್ರು, ಯಾರ್ಯಾರು ಪಾಪ ಗಡಿಯಾರ ನೋಡ್ಕೊಂಡಿದ್ರಷ್ಟೇ. ಲೆಕ್ಕ ಸರಿಹೋಗ್ಲಿಲ್ಲ.

ಇನ್ನು ಅವರವರ ಮುಖದ ವಿಷಯ. ಸ್ಟುಡಿಯೋದಲ್ಲಿ ವಾರಕ್ಕೊಂದು ಸಲ ನಡೆಯೋ ಜಗಳ ಇದು. ಮೊನ್ನೆ ಇಬ್ಬರು ಸ್ನೇಹಿತೆಯರು ಬಂದಿದ್ರು. ಒಬ್ಬಳದು ಫೋಟೋ ತೆಗೆದೆ, ನೋಡಿ ಮುಖ ಕಿವುಚಿದಳು, "ಇದು ನಾನಲ್ಲ ಮೇಡಂ, ಏನೋ ಸೊಟ್ಟ ಇದೆ." ನಾನು ಏನೂ ಮಾತಾಡದೆ ಒಂದು ಬಟನ್ ಒತ್ತಿ ಫೋಟೋನ ಎಡಬಲ ತಿರುಗಿಸಿದೆ. "ಹಾಂ, ಇದು! ಏನು ಮಾಡಿದ್ರಿ?" ಪಕ್ಕದಲ್ಲಿದ್ದೋಳು "ಅಯ್ಯೋ, ಮೊದಲಿಂದೇ ಚೆನ್ನಾಗಿತ್ತು ಕಣೇ, ಇದ್ರಲ್ಲಿ ನೀನು ಒಂಥರಾ ಕಾಣ್ತೀಯ" ಅಂದಳು. ಐದು ನಿಮಿಷ ಜಗಳ. ಇಬ್ಬರೂ ಸರಿ. ನಮ್ಮ ಮುಖ ನಮಗೆ ಗೊತ್ತಿರೋದು ಕನ್ನಡಿಯಿಂದ, ಬೈತಲೆ ಆ ಕಡೆ, ಮಚ್ಚೆ ಈ ಕಡೆ, ಮಿಕ್ಕವರಿಗೆ ಗೊತ್ತಿರೋದು ಅದರ ಉಲ್ಟಾ. 1977ರಲ್ಲೇ ಇದನ್ನ ಪರೀಕ್ಷೆ ಮಾಡಿ ನೋಡಿದಾರೆ, ಫೋಟೋದಲ್ಲಿದ್ದೋರು ತಮ್ಮ ಕನ್ನಡಿಯ ಮುಖಾನ ಆರಿಸ್ಕೊಂಡ್ರು, ಅವರ ಸ್ನೇಹಿತರು ನಿಜವಾದ್ದನ್ನ. ಅಂದ್ರೆ ನಾವು ಯಾರನ್ನ "ನಾನು" ಅಂತೀವೋ ಆ ಮುಖಾನ ಪ್ರಪಂಚದಲ್ಲಿ ಬೇರೆ ಯಾರೂ ನೋಡೇ ಇಲ್ಲ. (ಟೀ ಶರ್ಟ್ ಮೇಲೆ ಅಕ್ಷರ ಇದ್ರೆ ಈ ಉಪಾಯ ನಡೆಯಲ್ಲ, ಗುಟ್ಟು ರಟ್ಟಾಗುತ್ತೆ.)

ಸೆಲ್ಫಿ ನೋಡಿ ನನ್ನ ಮೂಗು ಇಷ್ಟು ದಪ್ಪಾನಾ ಅಂತ ಕೊರಗೋರಿಗೂ ಇಲ್ಲೇ ಹೇಳಿಬಿಡ್ತೀನಿ. 12 ಇಂಚು ದೂರದಿಂದ ತೆಗೆದ ಫೋಟೋದಲ್ಲಿ ಮೂಗು 5 ಅಡಿ ದೂರದಿಂದ ತೆಗೆದಿದ್ದಕ್ಕಿಂತ ಸುಮಾರು ಶೇಕಡ 30ರಷ್ಟು ಅಗಲ ಕಾಣುತ್ತೆ ಅಂತ 2018ರಲ್ಲಿ ವೈದ್ಯರೇ ಲೆಕ್ಕ ಹಾಕಿ ತೋರಿಸಿದಾರೆ. ಮೂಗು ಲೆನ್ಸಿಗೆ ಹತ್ರ, ಕಿವಿ ದೂರ, ಅಷ್ಟೇ. ಪೋರ್ಟ್ರೇಟ್‌ಗೆ ನಾನು ದೂರದಿಂದಲೇ ಮುಖ ದೊಡ್ಡದಾಗಿ ತೋರಿಸೋ 85 ಎಂಎಂ ಲೆನ್ಸ್ ಹಾಕ್ಕೊಂಡು ಹಿಂದೆ ಹೋಗಿ ನಿಲ್ಲೋದು ಅದಕ್ಕೇ. ಮೂಗು ಕೊಯ್ಸೋ ಮೊದಲು ಎರಡು ಹೆಜ್ಜೆ ಹಿಂದೆ ಹೋಗಿ ಒಂದು ಫೋಟೋ ತೆಗೆಸಿ ನೋಡಿ.

ಬಣ್ಣದ ವಿಷಯ ಹೇಳದೆ ಬಿಟ್ರೆ ನನ್ನ ಕೆಲಸಕ್ಕೇ ಮೋಸ. "ಸ್ವಲ್ಪ ಬ್ರೈಟ್ ಮಾಡಿ ಮೇಡಂ" ಅಂತಾರೆ, ಬೆಳ್ಳಗೆ ಮಾಡಿ ಅನ್ನೋಕೆ ನಾಚಿಕೆ. ಕ್ಯಾಮೆರಾ ಸುಳ್ಳು ಹೇಳಲ್ಲ ಅಂತ ನಂಬಿರೋರಿಗೆ ನಾನು ಶರ್ಲಿ ಕಾರ್ಡ್ ಕಥೆ ಹೇಳ್ತೀನಿ. ಕೊಡಾಕ್ ಕಂಪನಿಯವರು ಬಣ್ಣದ ಪ್ರಿಂಟ್ ಸರಿಯಾಗಿ ಬಂದಿದೆಯಾ ಅಂತ ನೋಡೋಕೆ ಲ್ಯಾಬ್‌ಗಳಿಗೆ ಒಂದು ಮಾದರಿ ಫೋಟೋ ಕೊಡ್ತಿದ್ರು, ಬಿಳಿ ಹೆಂಗಸಿನದು, ಮೊದಲ ಮಾಡೆಲ್ ಹೆಸರು ಶರ್ಲಿ ಅಂತ ಆ ಕಾರ್ಡಿಗೂ ಅದೇ ಹೆಸರಾಯ್ತು. ಆ ಚರ್ಮ ಚೆನ್ನಾಗಿ ಬಂದ್ರೆ ಎಲ್ಲಾ ಸರಿ ಅಂತ ಲೆಕ್ಕ. ಕಪ್ಪು ಚರ್ಮದವರು ಅದೇ ಫ್ರೇಮಲ್ಲಿ ಕಣ್ಣು ಹಲ್ಲು ಮಾತ್ರ ಕಾಣೋ ಹಾಗೆ ಬರೋರು. ಫಿಲ್ಮ್ ಸುಧಾರಿಸೋಕೆ ಒಂದು ಕಾರಣ ಏನು ಗೊತ್ತಾ, ಚಾಕೊಲೇಟ್ ಮಾಡೋರು, ಮರದ ಪೀಠೋಪಕರಣ ಮಾಡೋರು ನಮ್ಮ ಮಾಲಿನ ಕಂದು ಛಾಯೆ ಸರಿಯಾಗಿ ಬರ್ತಿಲ್ಲ ಅಂತ ದೂರು ಕೊಟ್ಟಿದ್ದು. ಬೇರೆ ಬೇರೆ ಬಣ್ಣದ ಹೆಂಗಸರಿರೋ ಕಾರ್ಡ್ ಬಂದಿದ್ದು 1990ರ ದಶಕದಲ್ಲಿ. ಎಷ್ಟು ಜನ ತಮ್ಮ ಹಳೇ ಫೋಟೋ ನೋಡಿ ನಾನು ಚೆನ್ನಾಗಿಲ್ಲ ಅಂತ ತೀರ್ಮಾನ ಮಾಡ್ಕೊಂಡು ಬದುಕಿದ್ರೋ, ತಪ್ಪಿದ್ದು ಫಿಲ್ಮಲ್ಲಿ.

ಹೋದ ತಿಂಗಳು ಆ ಗೆಳತಿ ಬಂದಿದ್ದಳು, ಆಫೀಸಿನ ಪ್ರೊಫೈಲ್‌ಗೆ ಫೋಟೋ ಬೇಕಂತೆ. ಈಗ ನಲವತ್ತು ದಾಟಿದೆ ಇಬ್ಬರಿಗೂ. ಕಣ್ಣಿನ ಕೆಳಗೆ ನೆರಿಗೆ, ಸ್ವಲ್ಪ ದಪ್ಪ ಆಗಿದಾಳೆ, ಬರೋವಾಗ ಅವಳನ್ನ ಯಾರೂ ತಿರುಗಿ ನೋಡ್ಲಿಲ್ಲ ಅಂತ ಅವಳೇ ಹೇಳಿದಳು. ಬೇಜಾರಾ ಅಂದೆ. "ಮೊದಮೊದಲು ನಾನೇ ಕಾಣೆಯಾದೆನಾ ಅನ್ನಿಸ್ತಿತ್ತು, ಈಗ ಆರಾಮ ಕಣೇ, ಮೀಟಿಂಗಲ್ಲಿ ಯಾರಾದ್ರೂ ನಕ್ರೆ ಅದು ಜೋಕಿಗೇ ಅಂತ ಗ್ಯಾರಂಟಿ" ಅಂದಳು. ಎಷ್ಟು ಸಲ ನಕ್ಕಿದಾರೆ ಅಂತ ಕೇಳಿದೆ. ಈ ವರ್ಷ ಎರಡು ಸಲ ಅಂದಳು, ಜಂಬದಿಂದ.

ಅವಳದು ಮುಗಿದ್ಮೇಲೆ ಕ್ಯಾಮೆರಾ ನನ್ನ ಕೈಯಿಂದ ಕಿತ್ಕೊಂಡು, ನೀನು ಕೂತ್ಕೋ ಅಂದಳು. ಬೇಡ ಅಂದೆ, ಬಿಡ್ಲಿಲ್ಲ. ಹದಿನೇಳು ವರ್ಷದಲ್ಲಿ ಆ ಸ್ಟೂಲ್ ಮೇಲೆ ನಾನು ಲೈಟ್ ಟೆಸ್ಟಿಗೂ ಕೂತಿರ್ಲಿಲ್ಲ. ಕೂತೆ, ಕೂದಲು ಸರಿ ಮಾಡ್ಕೊಂಡೆ, ಹೊಟ್ಟೆ ಒಳಗೆಳ್ಕೊಂಡೆ. ನಾಲ್ಕು ಫೋಟೋ ತೆಗೆದಳು, ಮೂರು ಮಸುಕು, ಫೋಕಸ್ ಎಲ್ಲಾ ಹಿಂದಿನ ಪರದೆ ಮೇಲೆ. ನಾಲ್ಕನೇದು ಸರಿಯಾಗಿ ಬಂದಿದೆ. ನೋಡಿದ ಕೂಡ್ಲೇ ಏನೋ ಸೊಟ್ಟ ಇದೆ ಅನ್ನಿಸ್ತು, ಬೆರಳು ತಾನಾಗೇ ಆ ತಿರುಗಿಸೋ ಬಟನ್ ಹತ್ರ ಹೋಯ್ತು. ಅವಳು ಪಕ್ಕದಲ್ಲೇ ನಿಂತು, "ಮುಟ್ಟಬೇಡ, ನೀನಿರೋದೇ ಹಂಗೆ" ಅಂದಳು.

ಫೈಲ್ ಇನ್ನೂ ಡೆಸ್ಕ್‌ಟಾಪ್ ಮೇಲಿದೆ, ತಿರುಗಿಸಿಲ್ಲ. ಸ್ಟಾರೂ ಹಾಕಿಲ್ಲ.